ತಾರಸಿಯ ಮೇಲೊಂದು ತಗಡಿನ ಟೊಪ್ಪಿ

ಶಿರಸಿಯಲ್ಲಿ ಸ್ವಲ್ಪ ಎತ್ತರದ ಜಾಗ ಹುಡುಕಿ ಊರಿನ ಕಡೆ ನೋಡಿದರೆ ಅಡಿಕೆ ತೋಟಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ನೀಲಿ ತಗಡು. ತಗಡಿನ ಕೆಳಗೆ ಮೂರೋ ನಾಲ್ಕೋ ಅಡಿ ಖಾಲಿ ಜಾಗ, ಅದರ ಕೆಳಗೆ ಕಾಂಕ್ರೀಟಿನ ತಾರಸಿ. ಕಥೆ ಎಲ್ಲ ಕಡೆಯೂ ಒಂದೇ. ಕಟ್ಟಿದ ಕೆಲವು ವರ್ಷಕ್ಕೆ ತಾರಸಿ ಸೋರಿತು. ಬಿರುಕಿಗೆ ಟಾರು ಬಳಿದರು. ಮರುವರ್ಷ ಪ್ಲಾಸ್ಟಿಕ್ ಹಾಸಿ ಅಂಚಿಗೆ ಕಲ್ಲು ಹೇರಿದರು. ಕೊನೆಗೆ ಕಬ್ಬಿಣದ ಕಂಬ ನಿಲ್ಲಿಸಿ ತಗಡು ಹೊದಿಸಿದರು. ಒಂದು ಕಟ್ಟಡ, ಎರಡು ಮಾಡು. ಸರಕಾರಿ ಕಟ್ಟಡವಾದರೆ ಎರಡಕ್ಕೂ ಬೇರೆ ಬೇರೆ ಬಿಲ್ಲು.

ಇಂಥದೇ ಒಂದು ಕಟ್ಟಡದಲ್ಲಿ, ಉದ್ಯಾನದ ನಡುವಿನ ಸಭಾಭವನದಲ್ಲಿ, ಒಂದು ಜುಲೈ ಮಧ್ಯಾಹ್ನ ಕುಳಿತಿದ್ದೆ. ಅಂದಿನ ವಿಷಯ ಪರಿಸರ ಸಂರಕ್ಷಣೆ. ಮಳೆ ಶುರುವಾದ ಮೇಲೆ ಭಾಷಣಕಾರರ ತುಟಿ ಅಲುಗುವುದಷ್ಟೇ ಕಾಣುತ್ತಿತ್ತು. ತಗಡಿನ ಸದ್ದಿಗೆ ಮೈಕು ಸೋತಿತ್ತು. ಕಿಟಕಿಯಾಚೆ ಒಂದು ಹಲಸಿನ ಮರ, ಅದರ ಕಾಂಡಕ್ಕೆ ತಾಗುವವರೆಗೂ ಸಿಮೆಂಟಿನ ಹಾಸುಬಿಲ್ಲೆ. ಮರದ ತುದಿ ಆಗಲೇ ಒಣಗಿತ್ತು. ಅದರ ಪಕ್ಕದಲ್ಲಿ ಕೂರಲೆಂದು ಮಾಡಿದ ಸಿಮೆಂಟಿನ ಅಣಬೆ, ಕಸದ ಡಬ್ಬಿಯಾಗಿ ಬಾಯಿ ತೆರೆದ ಸಿಮೆಂಟಿನ ಮೊಲ, ಕಾಂಕ್ರೀಟ್ ಕಂಬಗಳ ಮೇಲೆ ಕಂದು ಬಣ್ಣದಲ್ಲಿ ಕೆತ್ತಿದ ಮರದ ತೊಗಟೆ. ಪ್ರಕೃತಿಯೊಂದಿಗೆ ಬೆರೆತ ವಿನ್ಯಾಸ ಎಂದು ಉದ್ಘಾಟನೆಯ ಫಲಕದಲ್ಲಿ ಬರೆದಿತ್ತು.

ಆ ಫಲಕದ ಮಾತನ್ನು ನಾವೆಲ್ಲ ಸಲೀಸಾಗಿ ಬಳಸುತ್ತೇವೆ. ಬೆರೆಯುವುದು ಎಂದರೆ ವೇಷ ಹಾಕುವುದು ಎಂದುಕೊಳ್ಳುತ್ತೇವೆ: ಗೋಡೆಗೆ ಹಸಿರು ಬಣ್ಣ, ಕಂಬಕ್ಕೆ ತೊಗಟೆ, ಬಾಗಿಲಿಗೆ ಬಳ್ಳಿ. ಆದರೆ ಉತ್ತರ ಕನ್ನಡದಲ್ಲಿ, ಅದೂ ಕಾರವಾರದ ಕರಾವಳಿಯಿಂದ ಶಿರಸಿಯ ಘಟ್ಟದವರೆಗಿನ ಜಾಗದಲ್ಲಿ, ಮಳೆ ಕೇಳುವುದನ್ನು ಸರಿಯಾಗಿ ಕೊಟ್ಟರೆ ಕಣ್ಣು ಕೇಳುವುದರಲ್ಲಿ ಮುಕ್ಕಾಲು ಪಾಲು ತಾನಾಗಿಯೇ ಸಿಕ್ಕಿಬಿಡುತ್ತದೆ. ಹೇಗೆಂದು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಉದ್ಯಾನದೊಳಗೆ 500 ಚದರ ಮೀಟರಿನ ಒಂದು ಗ್ರಂಥಾಲಯ ಕಟ್ಟಿದೆವು ಎನ್ನಿ. ಅದರ ಮಾಡಿನ ಮೇಲೆ ವರ್ಷಕ್ಕೆ 15 ಲಕ್ಷ ಲೀಟರ್ ನೀರು ಬೀಳುತ್ತದೆ, ಅಂದರೆ 12,000 ಲೀಟರಿನ ಟ್ಯಾಂಕರಿನಲ್ಲಿ 125 ಲೋಡು. ಜಡಿ ಹಿಡಿದಾಗ ಒಂದೇ ದಿನ 100 ಮಿಲಿಮೀಟರ್ ಸುರಿಯುವುದು ಇಲ್ಲಿ ಸುದ್ದಿಯೇ ಅಲ್ಲ. ಆ ಒಂದು ದಿನದ ಪಾಲೇ 50,000 ಲೀಟರ್. ಕಟ್ಟಡ ಬರುವ ಮೊದಲು ಈ ನೀರನ್ನು ಎಲೆ ತಡೆದು, ಉದುರಿದ ಎಲೆಗಳ ದರಕು ಹೀರಿ, ಬೇರು ಒಳಗೆ ಬಿಟ್ಟುಕೊಳ್ಳುತ್ತಿತ್ತು. ಈಗ ಅಷ್ಟೂ ನೀರು ನಾಲ್ಕು ಕೊಳವೆಗಳಿಂದ ನಾಲ್ಕು ಮೂಲೆಗೆ ಧುಮುಕುತ್ತದೆ. ಮೂರೇ ಮಳೆಗಾಲದಲ್ಲಿ ಆ ಮೂಲೆಗಳ ಮಣ್ಣು ಕೊಚ್ಚಿ ಬೇರು ಹೊರಬೀಳುತ್ತದೆ. ಹಾಗಾಗಿ ಇಲ್ಲಿ ನಕ್ಷೆಯ ಮೊದಲ ಗೆರೆ ಗೋಡೆಯದ್ದಾಗಿರಬಾರದು, ನೀರಿನದ್ದಾಗಿರಬೇಕು. ಅಡಿಕೆ ತೋಟ ಮಾಡುವವರಿಗೆ ಇದು ಹೊಸ ಪಾಠವೇನಲ್ಲ. ತೋಟಕ್ಕೆ ಸಸಿ ಇಡುವ ಮೊದಲು ಬಸಿಗಾಲುವೆ ಎಲ್ಲಿ ಎಂದು ನೋಡದವರನ್ನು ಯಾರೂ ತೋಟಿಗರೆನ್ನುವುದಿಲ್ಲ.

ಇನ್ನು ಗೋಡೆ. ಗಾಳಿಗೆ ಮಳೆ 45 ಡಿಗ್ರಿ ಓರೆಯಾಗಿ ಬಂತೆಂದರೆ, 3 ಅಡಿ ಮುಂದೆ ಚಾಚಿದ ಸೂರು ಗೋಡೆಯ ಮೇಲಿನ 3 ಅಡಿಯನ್ನು ಮಾತ್ರ ಕಾಯುತ್ತದೆ. 10 ಅಡಿ ಗೋಡೆಯಲ್ಲಿ ಉಳಿದ 7 ಅಡಿಗೆ ಇರಚಲು ಹೊಡೆಯುತ್ತದೆ. ಹಳಬರು ಇದಕ್ಕೆ ಎರಡು ಉಪಾಯ ಮಾಡಿದ್ದರು. ಮಳೆಗಾಲದ ಮುನ್ನ ಪಡುವಣ ಗೋಡೆಗೆ ಸೋಗೆಯ ತಟ್ಟಿ ಕಟ್ಟುವುದು ಒಂದು. ಮಾಡನ್ನೇ ಇನ್ನೂ ಮುಂದಕ್ಕೆ, ಇನ್ನೂ ಕೆಳಕ್ಕೆ ಇಳಿಸಿ ಅದರಡಿ ಜಗಲಿ ಮಾಡುವುದು ಇನ್ನೊಂದು. ಗೋಡೆಯಿಂದ 8 ಅಡಿ ಆಚೆಗೆ, ನೆಲದಿಂದ 7 ಅಡಿ ಎತ್ತರಕ್ಕೆ ಸೂರು ಬಂದು ನಿಂತರೆ ಇರಚಲು ಹೆಚ್ಚೆಂದರೆ 7 ಅಡಿ ಒಳಗೆ ಬಂದು ಜಗಲಿಯ ನೆಲದಲ್ಲೇ ಸಾಯುತ್ತದೆ, ಗೋಡೆಗೆ ತಾಗುವುದಿಲ್ಲ.

ಅದೇ ಕಟ್ಟಡವನ್ನು ಈಗ ಇನ್ನೂರು ಅಡಿ ದೂರದಿಂದ ನೋಡಿ. ಸೂರು ಅಷ್ಟು ಕೆಳಗಿಳಿದಿರುವುದರಿಂದ ಗೋಡೆ ಜಗಲಿಯ ನೆರಳಿನಲ್ಲಿ ಕರಗಿದೆ. ಕಾಣುವುದು ಮಾಡು ಮತ್ತು ಅದರಡಿಯ ಕಪ್ಪು ನೆರಳು ಮಾತ್ರ. ಮರಗಳ ನಡುವೆ ಕಣ್ಣಿಗೆ ಕುಕ್ಕುವುದು ನೆಟ್ಟಗೆ ನಿಂತ, ಬಿಸಿಲು ಬಿದ್ದ ಗೋಡೆ. ಮಳೆಗೆಂದು ಇಳಿಸಿದ ಸೂರು ಅದನ್ನೇ ಮರೆಮಾಡಿತು. ಮಲೆನಾಡಿನ ಹಳೆಯ ಮನೆ ತೋಟದಂಚಿನಲ್ಲಿ ಅಡಗಿ ಕುಳಿತಂತೆ ಕಾಣುವುದಕ್ಕೆ ಬೇರೆ ಗುಟ್ಟಿಲ್ಲ. ಅಡಗಬೇಕೆಂದು ಯಾರೂ ಅದನ್ನು ಕಟ್ಟಿರಲಿಲ್ಲ, ನೆನೆಯಬಾರದೆಂದು ಕಟ್ಟಿದ್ದರು.

ಸಾರ್ವಜನಿಕ ಕಟ್ಟಡಕ್ಕೂ ಈ ಪಾಠ ಇಲ್ಲಿ ಹಳೆಯದೇ. ಭಟ್ಕಳದಲ್ಲಿ 16ನೆಯ ಶತಮಾನದ ಕೇತಪೈ ನಾರಾಯಣ ದೇವಾಲಯವಿದೆ. ಅದರ ಮಾಡು ಕಲ್ಲಿನದೇ, ಆದರೂ ಸಮತಟ್ಟಾಗಿಲ್ಲ. ಕಲ್ಲಿನ ಚಪ್ಪಡಿಗಳನ್ನು ಇಳಿಜಾರಾಗಿ ಹೊದಿಸಿದ್ದಾರೆ, ಸುತ್ತಲೂ ಮರದ ತಟ್ಟಿಯಂತೆ ಕಾಣುವ ಕಲ್ಲಿನ ಜಾಲಂಧ್ರ ನಿಲ್ಲಿಸಿದ್ದಾರೆ. ಮರದ ಕೆಲಸವನ್ನು ಕಲ್ಲಿನಲ್ಲಿ ಮಾಡಿದ್ದಾರಲ್ಲ, ಇದೂ ವೇಷವೇ ಅಲ್ಲವೇ ಎಂದು ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಇಳಿಜಾರು ನೀರು ಇಳಿಸುತ್ತಿದೆ, ಜಾಲಂಧ್ರ ಗಾಳಿ ಬಿಟ್ಟು ಇರಚಲು ತಡೆಯುತ್ತಿದೆ. ಸಿಮೆಂಟಿನ ತೊಗಟೆ ಏನು ಮಾಡುತ್ತಿದೆ, ಹೇಳಿ?

ಮಾಡಿಗೆ ಹೆಂಚು ಹಾಕಿ ಎಂದರೆ ಅಧಿಕಾರಿಗಳು ಮಂಗನ ಹೆಸರು ಹೇಳುತ್ತಾರೆ. ಸುಳ್ಳಲ್ಲ. ಶಿರಸಿ ಸೀಮೆಯಲ್ಲಿ ಮಂಗಗಳ ಹಿಂಡೊಂದು ಮಾಡಿನ ಮೇಲೆ ಹಾದುಹೋದರೆ ಹತ್ತು ಹೆಂಚು ಲೆಕ್ಕಕ್ಕೆ. ಪಕಾಸಿನ ಮರಕ್ಕೆ ಒರಲೆ, ಮಾಡಿನ ನೀರಿಳಿಸುವ ದೋಣಿಗೆ ತರಗೆಲೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಕರಾವಳಿಯ ಕಚೇರಿ, ಶಾಲೆ, ಆಸ್ಪತ್ರೆಗಳೆಲ್ಲ ಹೆಂಚು ಹೊದ್ದವು. ಆಗ ಪ್ರತಿ ಮೇ ತಿಂಗಳಲ್ಲಿ ಮಾಡು ಹತ್ತಿ ಕೈಯಾಡಿಸುವ ಆಳಿದ್ದ. ಈಗ ಆ ಆಳೂ ಇಲ್ಲ, ಅದಕ್ಕೆ ಅನುದಾನವೂ ಇಲ್ಲ. ಹೀಗಾಗಿ ಹೆಂಚಿನ ಕೆಳಗೆ ಇಳಿಜಾರಾಗಿಯೇ ಎರಕ ಹೊಯ್ದ ತೆಳು ಕಾಂಕ್ರೀಟ್ ಇರಲಿ ಎಂಬ ಮಧ್ಯದ ದಾರಿಯನ್ನು ನಾನು ಒಪ್ಪುತ್ತೇನೆ, ಶುದ್ಧ ಪರಂಪರೆಯವರು ಮೂಗು ಮುರಿದರೂ ಸರಿ. ಒಂದು ಹೆಂಚು ಒಡೆದರೆ ಒಳಗೆ ಬಕೆಟ್ ಇಡಬೇಕಾಗಿಲ್ಲ.

ಕೆಂಪು ಹೆಂಚು ಹಸಿರಿನ ನಡುವೆ ಎದ್ದು ಕಾಣುವುದಿಲ್ಲವೇ? ಮೊದಲ ವರ್ಷ ಕಾಣುತ್ತದೆ. ಎರಡು ಮೂರು ಮಳೆಗಾಲ ಕಳೆದರೆ ಪಾಚಿ ಹತ್ತಿ ಕಪ್ಪಿಡುತ್ತದೆ. ಬಣ್ಣದ ವಿಷಯದಲ್ಲಿ ನಮ್ಮ ಅಂದಾಜು ಸಾಮಾನ್ಯವಾಗಿ ತಪ್ಪು. ದೂರದ ನೋಟದಲ್ಲಿ ಕಣ್ಣು ಮೊದಲು ಹಿಡಿಯುವುದು ಬಣ್ಣ ಯಾವುದೆಂಬುದನ್ನಲ್ಲ, ಎಷ್ಟು ತಿಳಿ, ಎಷ್ಟು ಗಾಢ ಎಂಬುದನ್ನು. ಮರದ ಮೈಯಲ್ಲಿ ಸಾವಿರ ಎಲೆಗಳ ಸಾವಿರ ಸಣ್ಣ ನೆರಳುಗಳಿರುತ್ತವೆ. ಬಣ್ಣ ಬಳಿದ ಗೋಡೆಯಲ್ಲಿ ಒಂದೂ ನೆರಳಿಲ್ಲ. ಆದ್ದರಿಂದ ಎಲೆಯದೇ ಹಸಿರನ್ನು ತಂದು ಬಳಿದರೂ ಗೋಡೆ ಕಾಡಿಗಿಂತ ಬೆಳ್ಳಗೆ ಹೊಳೆಯುತ್ತದೆ. ಅಮೆರಿಕದಲ್ಲಿ ಸರಕಾರಿ ಕಾಡು, ಬಯಲುಗಳನ್ನು ನೋಡಿಕೊಳ್ಳುವ ಭೂನಿರ್ವಹಣಾ ಇಲಾಖೆ ತನ್ನ ಕಟ್ಟಡಗಳಿಗೆ ಹಿನ್ನೆಲೆಗಿಂತ ಒಂದೆರಡು ಛಾಯೆ ಗಾಢವಾದ ಬಣ್ಣ ಆರಿಸಿ ಎಂದು ಹೇಳುವುದು ಇದೇ ಕಾರಣಕ್ಕೆ. ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ 1868ರಿಂದ ನಿಂತಿರುವ, ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿ ಕೆಂಪೇ ಆದರೂ ಮರಗಳ ಜತೆ ಜಗಳವಾಡುವುದಿಲ್ಲ. ಅದು ಗಾಢ ಕೆಂಪು, ಕಂಬಸಾಲಿನ ನೆರಳು ಅದನ್ನು ಇನ್ನಷ್ಟು ಗಾಢ ಮಾಡುತ್ತದೆ.

ನಮ್ಮಲ್ಲಿ ಈ ಕೆಲಸಕ್ಕೆ ಚಿರೆಕಲ್ಲಿದೆ. ನೆಲದಿಂದ ಎಬ್ಬಿಸುವಾಗ ಕೊಡಲಿಗೆ ಬಗ್ಗುವಷ್ಟು ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. 1800-01ರಲ್ಲಿ ಈ ಸೀಮೆಯನ್ನೆಲ್ಲ ಸುತ್ತಿದ ಸ್ಕಾಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಗುಣ ನೋಡಿಯೇ ಇದಕ್ಕೆ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ನನ್ನ ಪರಿಚಯದ ವೃದ್ಧ ಮೇಸ್ತ್ರಿಯೊಬ್ಬರು ಲಾರಿಯಿಂದ ಇಳಿಸಿದ ಪ್ರತಿ ಕಲ್ಲಿಗೂ ಕತ್ತಿಯ ಹಿಂಬದಿಯಿಂದ ಒಂದು ಏಟು ಕೊಟ್ಟು ಕಿವಿಗೊಡುತ್ತಿದ್ದರು. ಟಣ್ ಎಂದದ್ದು ಹೊರಗೋಡೆಗೆ, ಬೊದ್ ಎಂದದ್ದು ಅಡಿಪಾಯದ ತುಂಬುವಿಕೆಗೆ. ಬಿಳಿ ಜೇಡಿಯ ಗಂಟುಗಳಿದ್ದ ಕಲ್ಲನ್ನು ಮಾತಿಲ್ಲದೆ ಬದಿಗೆ ಉರುಳಿಸುತ್ತಿದ್ದರು, ಏಕೆಂದರೆ ಮಳೆಗೆ ಆ ಗಂಟು ಕರಗಿ ಕಲ್ಲಿನಲ್ಲಿ ತೂತು ಬೀಳುತ್ತದೆ. ಹೀಗೆ ಆರಿಸಿ, ಗಿಲಾವು ಮಾಡದೆ, ಸೂರಿನ ನೆರಳಿನಲ್ಲಿ ಬಿಟ್ಟ ಚಿರೆಕಲ್ಲಿನ ಗೋಡೆ ಮೂರನೆಯ ವರ್ಷಕ್ಕೆ ಧರೆಯದೇ ಬಣ್ಣಕ್ಕೆ ಬರುತ್ತದೆ. ಪ್ರತಿವರ್ಷ ಬಣ್ಣ ಬಳಿಯುವ ಬಾಬತ್ತೂ ಉಳಿಯಿತು.

ಕಟ್ಟಡವನ್ನು ನೆಲದೊಳಗೆ ಹುದುಗಿಸಿ, ಮೇಲೆ ಹುಲ್ಲು ಬೆಳೆಸುವುದು ಇಂದಿನ ದಿನಗಳಲ್ಲಿ ಎಲ್ಲರ ಮೆಚ್ಚಿನ ಚಿತ್ರ. ಅದಕ್ಕೆ ನಮ್ಮ ದೇಶದಲ್ಲೇ ಸುಂದರ ಉದಾಹರಣೆ ಭೋಪಾಲದ ಭಾರತ ಭವನ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅದನ್ನು ದೊಡ್ಡ ಕೆರೆಯ ಮೇಲಿನ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದಾರೆ. 1982ರಲ್ಲಿ ತೆರೆಯಿತು. ಮೇಲಿನಿಂದ ಬಂದವರಿಗೆ ಕಟ್ಟಡವೇ ಕಾಣದು. ತಾರಸಿಯ ತೋಟದಲ್ಲಿ ನಡೆಯುತ್ತ ಇಳಿದಂತೆ ಅಂಗಳಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಆದರೆ ಭೋಪಾಲದ ಮಳೆ ವರ್ಷಕ್ಕೆ ಸುಮಾರು 1,100 ಮಿಲಿಮೀಟರ್. ಶಿರಸಿಯದು ಸುಮಾರು 2,500, ಕಾರವಾರದ್ದು ಇನ್ನೂ ಹೆಚ್ಚು. ನೀರು ಕುಡಿದ ಮಣ್ಣು ಘನ ಮೀಟರಿಗೆ ಎರಡು ಟನ್ನಿನ ಹತ್ತಿರ ತೂಗುತ್ತದೆ. ಅರ್ಧ ಅಡಿ ಮಣ್ಣು ಹಾಕಿದರೂ ಚದರ ಮೀಟರಿಗೆ 300 ಕಿಲೊ. ಜನ ಓಡಾಡುವ ಸಾಮಾನ್ಯ ತಾರಸಿಗೆ ನಾವು ಹಿಡಿಯುವ ಹೆಚ್ಚುವರಿ ಭಾರಕ್ಕೆ ಇದು ಎರಡು ಪಟ್ಟು. ಭಾರವನ್ನಾದರೂ ಕಬ್ಬಿಣ ಹಾಕಿ ಹೊರಿಸಬಹುದು. ನಾಲ್ಕು ತಿಂಗಳು ಎಡೆಬಿಡದೆ ನೆನೆದ ಮಣ್ಣಿನಡಿ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು ಯಾರು? ಪುಸ್ತಕದ ಕಪಾಟಿಗೆ ಬೂಸು ಬಂದ ಮೇಲೆ ಗೊತ್ತಾಗುತ್ತದೆ. ಮ್ಯಾಗಜಿನ್‌ನ ಚಿತ್ರ ನೋಡಿ ಶಿರಸಿಯಲ್ಲಿ ಗ್ರಂಥಾಲಯ ಹುಗಿಯಬೇಡಿ.

ಕೊರಿಯಾರಿಂದ ಎರವಲು ಪಡೆಯಬೇಕಾದದ್ದು ಬೇರೆ: ಇಳಿಜಾರನ್ನು ತುಂಡು ತುಂಡಾಗಿ ಇಳಿಯುವ ತಾಳ್ಮೆ. ಐದಕ್ಕೆ ಒಂದರಂತೆ ಇಳಿಯುವ ಗುಡ್ಡದಲ್ಲಿ 15 ಮೀಟರ್ ಅಗಲದ ಒಂದೇ ಮಟ್ಟದ ಕಟ್ಟಡ ಇಟ್ಟರೆ ಈ ತುದಿಗೂ ಆ ತುದಿಗೂ 3 ಮೀಟರ್ ವ್ಯತ್ಯಾಸ. ಒಂದೋ ಹಿಂದೆ ಒಂದು ಮಹಡಿಯಷ್ಟು ಧರೆ ಕಡಿಯಬೇಕು, ಇಲ್ಲವೇ ಮುಂದೆ ಒಂದು ಮಹಡಿಯಷ್ಟು ಮಣ್ಣು ತುಂಬಬೇಕು. ಅದೇ ಅಗಲವನ್ನು 5 ಮೀಟರಿನ ಮೂರು ಪಟ್ಟಿ ಮಾಡಿದರೆ ಪ್ರತಿಯೊಂದಕ್ಕೂ 1 ಮೀಟರ್ ಸಾಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಮೇಲೆ, ಧರೆ ಕಡಿಯುವುದೆಂದರೇನು ಎಂದು ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಾಸ್ತುಶಿಲ್ಪಿ ಲಾರಿ ಬೇಕರ್ ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು 1970ರ ದಶಕದಲ್ಲಿ ಕಟ್ಟಿದ್ದು ಹೀಗೆಯೇ, ಗುಡ್ಡದ ಏರಿಳಿತಕ್ಕೆ ಗೋಡೆ ಬಾಗಿಸಿ, ಮರ ಬಂದಲ್ಲಿ ಸುತ್ತುಹಾಕಿ.

ಇಳಿಜಾರಿನಲ್ಲಿ ಇನ್ನೊಂದು ತೊಡಕಿದೆ. ಮೆಟ್ಟಿಲು ನೋಡಲು ಚೆಂದ, ಗಾಲಿಕುರ್ಚಿಗೆ ಗೋಡೆ. ಹನ್ನೆರಡಕ್ಕೆ ಒಂದರ ಇಳಿಜಾರಿನ ದಾರಿ ಮಾಡಬೇಕೆಂದರೆ 1.5 ಮೀಟರ್ ಏರಲು 18 ಮೀಟರ್ ಉದ್ದ ಬೇಕು, ನಡುವೆ ತಂಗಲು ಸಮತಟ್ಟು ಜಾಗ ಬೇರೆ. ಕಟ್ಟಡದ ಮುಖಕ್ಕೆ ಅಂಟಿಸಿದರೆ ಅದು ಸ್ಟೀಲಿನ ಕಂಬಿ ಹೊತ್ತ ಅವಲಕ್ಷಣ. ಉದ್ಯಾನದ ಕಾಲುದಾರಿಯನ್ನೇ ಅದೇ ಇಳಿಜಾರಿನಲ್ಲಿ ಮರಗಳ ನಡುವೆ ಬಳಸಿ ತಂದರೆ ಎಲ್ಲರೂ ಅದೇ ದಾರಿಯಲ್ಲಿ ಬರುತ್ತಾರೆ, ಅಜ್ಜಿಯೂ, ಪುಸ್ತಕದ ಗಾಡಿ ತಳ್ಳುವವನೂ.

ಈಗ ಆ ಹಲಸಿನ ಮರಕ್ಕೆ ಬರುತ್ತೇನೆ. ಅದನ್ನು ಯಾರೂ ಕಡಿಯಲಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿಯಲು ವೃಕ್ಷ ಅಧಿಕಾರಿಯ ಅಪ್ಪಣೆ ಬೇಕು. 1983ರಲ್ಲಿ ಸಾಲ್ಕಣಿಯ ಬಳಿಯ ಕಾಡಿನಲ್ಲಿ ಜನ ಮರ ಅಪ್ಪಿಕೊಂಡು ನಿಂತ ತಾಲ್ಲೂಕು ಇದು, ಇಲ್ಲಿ ಕೊಡಲಿ ಎತ್ತಿದರೆ ಕೇಳುವವರಿದ್ದಾರೆ. ಆದರೆ ಬೇರನ್ನು ಕೇಳುವವರಿಲ್ಲ. ಮರದ ಬೇರು ಮರದಷ್ಟೇ ಆಳಕ್ಕೆ ಇಳಿದಿದೆ ಎಂಬುದು ಶಾಲೆಯ ಚಿತ್ರ ನೋಡಿ ಬಂದ ನಂಬಿಕೆ. ಹೆಚ್ಚಿನ ಬೇರು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತದೆ, ಅಡ್ಡಡ್ಡ ಬಹಳ ದೂರ ಹರಡಿರುತ್ತದೆ. ಬ್ರಿಟನ್ನಿನ ಬಿಎಸ್ 5837 ಮಾನದಂಡದ ಪ್ರಕಾರ ಕಾಂಡದ ವ್ಯಾಸದ 12 ಪಟ್ಟು ತ್ರಿಜ್ಯದ ವೃತ್ತದೊಳಗೆ ಅಗೆತವೂ ಇಲ್ಲ, ಮಣ್ಣು ಹೇರುವುದೂ ಇಲ್ಲ, ವಾಹನವೂ ಇಲ್ಲ. 60 ಸೆಂಟಿಮೀಟರ್ ವ್ಯಾಸದ ಮರಕ್ಕೆ 7.2 ಮೀಟರ್. ಅಳತೆ ಪಟ್ಟಿ ಇಲ್ಲದಿದ್ದರೆ ಎದೆಯೆತ್ತರದಲ್ಲಿ ಮರಕ್ಕೆ ಹಗ್ಗ ಸುತ್ತಿ, ಅದರ ನಾಲ್ಕು ಪಟ್ಟು ಉದ್ದಕ್ಕೆ ನಡೆದು ಗೂಟ ಹೊಡೆಯಿರಿ, ಸರಿಸುಮಾರು ಅದೇ ಲೆಕ್ಕ.

ಆ ಸಭಾಭವನದಲ್ಲಿ ನಾನು ಹೆಜ್ಜೆ ಹಾಕಿ ನೋಡಿದೆ. ಮರದಿಂದ ಗೋಡೆಗೆ ಮೂರೂವರೆ ಮೀಟರ್. ಅಂದರೆ ಅಡಿಪಾಯ ತೋಡುವಾಗಲೇ ಒಂದು ಬದಿಯ ಬೇರು ಹೋಗಿದೆ. ಜಲ್ಲಿ ಇಳಿಸಿದ ಟಿಪ್ಪರು ಇನ್ನೊಂದು ಬದಿಯ ಮಣ್ಣನ್ನು ಒತ್ತಿದೆ. ಉಳಿದುದನ್ನು ಹಾಸುಬಿಲ್ಲೆ ಮುಚ್ಚಿದೆ. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಎಂದು ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಬೇಕಾಯಿತು, ಅಷ್ಟು ಸಾಮಾನ್ಯ ಈ ತಪ್ಪು. ಇದರ ಮೂಲ ಕಾಗದದಲ್ಲಿದೆ. ಕಾಮಗಾರಿಯ ಪಟ್ಟಿಯಲ್ಲಿ ಮೊದಲು ಬರುವುದು ಜಂಗಲ್ ಕಟಿಂಗ್. ಅದಕ್ಕೆ ಚದರ ಮೀಟರಿಗೆ ಇಷ್ಟು ಎಂದು ದರವಿದೆ, ಗುತ್ತಿಗೆದಾರ ಎಷ್ಟು ಬೋಳಿಸಿದರೆ ಅಷ್ಟು ದುಡ್ಡು. ಅದರ ಜಾಗದಲ್ಲಿ ಮೊದಲ ಬಾಬತ್ತು ಮರಗಳಿಗೆ ನಂಬರು ಹಾಕಿ ನೆಲದ ಏರಿಳಿತದ ನಕ್ಷೆ ಮಾಡುವುದು, ಎರಡನೆಯದು ಬೇರಿನ ವೃತ್ತಕ್ಕೆ ಬೇಲಿ, ಮೂರನೆಯದು ಜೆಸಿಬಿ ಎಂದಾಗಬೇಕು. ಬೇಲಿಯ ಖರ್ಚು ಒಂದು ದಿನದ ಜೆಸಿಬಿ ಬಾಡಿಗೆಗಿಂತ ಹೆಚ್ಚೇನಲ್ಲ.

ಕಡಲಂಚಿಗೆ ಬಂದರೆ ಲೆಕ್ಕವೇ ಬೇರೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ಒಂದು ಬದಿಗೆ ಹೆದ್ದಾರಿ, ಇನ್ನೊಂದು ಬದಿಗೆ ಅಲೆ, ನಡುವೆ ಗಾಳಿಮರಗಳ ಸಾಲಿರುವ ಮರಳಿನ ಪಟ್ಟಿ. ಅಲ್ಲಿ ದಡಕ್ಕೇರಿಸಿ ಇಟ್ಟ ಐಎನ್‌ಎಸ್ ಚಪಲ ಯುದ್ಧನೌಕೆ ಯಾವುದರೊಂದಿಗೂ ಬೆರೆಯುವುದಿಲ್ಲ, ಬೆರೆಯಬೇಕಾಗಿಯೂ ಇಲ್ಲ. ಹಡಗು ಹಡಗಿನಂತೆಯೇ ಕಾಣಲಿ. ಕಟ್ಟಡಕ್ಕೆ ಮಾತ್ರ ಕರಾವಳಿ ನಿಯಂತ್ರಣ ವಲಯದ ನಿಯಮವಿದೆ. 1991ರಲ್ಲಿ ಬಂದು, 2011 ಮತ್ತು 2019ರಲ್ಲಿ ಬದಲಾದ ನಿಯಮ. ಪಟ್ಟಣದೊಳಗೆ ಈಗಾಗಲೇ ಇರುವ ರಸ್ತೆಯ ಅಥವಾ ಅಧಿಕೃತ ಕಟ್ಟಡಗಳ ಸಾಲಿಗಿಂತ ಸಮುದ್ರದ ಕಡೆಗೆ ಹೊಸದಾಗಿ ಕಟ್ಟುವಂತಿಲ್ಲ. ಜನ ವಿರಳವಾಗಿರುವ ಹಳ್ಳಿಗಳ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಬಿಡಬೇಕು. ವಿನ್ಯಾಸಗಾರರು ಇದನ್ನು ಕಾಟವೆಂದು ಗೊಣಗುವುದು ಕೇಳಿದ್ದೇನೆ. ನನಗೇನೋ ಇದು ಅರ್ಧ ವಿನ್ಯಾಸವನ್ನು ಪುಕ್ಕಟೆಯಾಗಿ ಮಾಡಿಕೊಟ್ಟಂತೆ ಕಾಣುತ್ತದೆ: ಭಾರದ್ದೆಲ್ಲ ರಸ್ತೆಯಾಚೆ, ಮರಳಿನ ಮೇಲೆ ಕಳಚಿ ಒಯ್ಯಬಹುದಾದದ್ದು ಮಾತ್ರ.

ಉಪ್ಪುಗಾಳಿ ಕೂಡ ಅದನ್ನೇ ಹೇಳುತ್ತದೆ. ಉಪ್ಪು ಕಾಂಕ್ರೀಟಿನ ಸಣ್ಣ ರಂಧ್ರಗಳಿಂದ ಒಳಗಿಳಿದು ಕಬ್ಬಿಣ ಮುಟ್ಟುತ್ತದೆ, ಕಬ್ಬಿಣ ತುಕ್ಕಾಗಿ ಉಬ್ಬುತ್ತದೆ, ಉಬ್ಬಿದ್ದು ಕಾಂಕ್ರೀಟನ್ನು ಸೀಳುತ್ತದೆ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456:2000 ಪ್ರಕಾರ ಸೌಮ್ಯ ಹವೆಯಲ್ಲಿ ಕಬ್ಬಿಣದ ಮೇಲೆ 20 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಸಾಕಾದರೆ ಕರಾವಳಿಗೆ 45 ಬೇಕು. ಮರಳಿನ ಮೇಲಿನ ತೆಳು ಚಪ್ಪರ, ಕಾವಲುಗೂಡು, ಬಟ್ಟೆ ಬದಲಿಸುವ ಕೋಣೆಗಳಲ್ಲಿ 45 ಮಿಲಿಮೀಟರ್ ಹೊದಿಕೆ ಕೊಟ್ಟರೆ ಕಂಬ ಆನೆಕಾಲಾಗುತ್ತದೆ, ಕೊಡದಿದ್ದರೆ ಹತ್ತು ವರ್ಷದಲ್ಲಿ ಎಲುಬು ಕಾಣುತ್ತದೆ. ಕಾಂಕ್ರೀಟ್ ಬಿಟ್ಟು ಮರ, ಬಿದಿರು ಹಿಡಿಯುವುದೇ ವಾಸಿ. ಕೆಟ್ಟ ತುಂಡನ್ನು ತೆಗೆದು ಹೊಸದು ಕೂರಿಸಬಹುದು. ಹೊನ್ನಾವರದ ಬಳಿಯ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅಲ್ಲಿ ಹೋಗಿಬಂದವರನ್ನು ಏನಿತ್ತು ಎಂದು ಕೇಳಿದರೆ ಗಾಳಿಮರದ ತೋಪಿನ ನೆರಳು ಎನ್ನುತ್ತಾರೆ, ಕಟ್ಟಡದ ಮಾತು ಎತ್ತುವುದಿಲ್ಲ.

ಕಟ್ಟಡ ಎಷ್ಟೇ ಸೊಗಸಾದರೂ ಅದನ್ನು ಕೆಡಿಸಲು ಪಾರ್ಕಿಂಗ್ ಒಂದೇ ಸಾಕು. ಒಂದು ಕಾರು ನಿಲ್ಲಲು, ತಿರುಗಲು, ಹಿಂದೆ ಬರಲು ಎಲ್ಲ ಸೇರಿ 25 ಚದರ ಮೀಟರ್ ಹಿಡಿಯಿರಿ. 20 ಕಾರಿಗೆ 500 ಚದರ ಮೀಟರ್, ನಮ್ಮ ಗ್ರಂಥಾಲಯದಷ್ಟೇ ಜಾಗ. ಅದನ್ನು ಬಸ್ ನಿಲ್ಲುವ ರಸ್ತೆಯ ಅಂಚಿಗೇ ಬಿಟ್ಟು, ಅಲ್ಲಿಂದ ಕಟ್ಟಡದ ಬಾಗಿಲು ನೇರ ಕಾಣುವಂತೆ ಮರಗಳ ನಡುವೆ ಒಂದು ಸಂದು ಇಟ್ಟುಕೊಳ್ಳಬೇಕು. ಅರ್ಜಿ ಹಿಡಿದು ಬಂದವರು ಕಚೇರಿ ಎಲ್ಲಿ ಎಂದು ಕೇಳುತ್ತ ತೋಟ ಸುತ್ತುವಂತಾದರೆ ಅಷ್ಟು ಬೆರೆತದ್ದೂ ಅತಿಯಾಯಿತು.

ರಾತ್ರಿಯ ಲೆಕ್ಕವನ್ನು ನಕ್ಷೆ ಮಾಡುವವರು ಮರೆಯುತ್ತಾರೆ. ಹಗಲು ಮರಗಳ ನಡುವೆ ಕರಗಿದ್ದ ಕಟ್ಟಡ ಸಂಜೆ ಏಳಕ್ಕೆ ಬಿಳಿ ದೀಪ ಹೊತ್ತಿಸಿಕೊಂಡು ಮದುವೆ ಮನೆಯಂತೆ ನಿಲ್ಲುತ್ತದೆ. ನಮ್ಮ ಕಡಲತೀರಗಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆಯೊಡೆದ ಮರಿ ಕತ್ತಲಲ್ಲಿ ಹೆಚ್ಚು ಬೆಳಕಿರುವ ಕಡೆಗೆ ತೆವಳುತ್ತದೆ. ದೀಪವಿಲ್ಲದ ತೀರದಲ್ಲಿ ಆ ಬೆಳಕು ಸಮುದ್ರದ್ದು. ದೀಪವಿದ್ದರೆ ಮರಿ ಹೆದ್ದಾರಿಯ ಕಡೆಗೆ ಹೊರಡುತ್ತದೆ. ಕೆಳಮುಖದ, ಹಳದಿ ಕೆಂಪು ಬೆಳಕಿನ, ಮೊಣಕಾಲೆತ್ತರದ ದೀಪ ಸಾಕು. ಸಮುದ್ರದ ಕಡೆಯ ದೀಪಗಳಿಗೆ ಬೇರೆಯದೇ ಸ್ವಿಚ್ಚು ಇರಲಿ. ಆ ಸ್ವಿಚ್ಚಿನ ಪೆಟ್ಟಿಗೆಯ ಕೀಲಿ ಯಾರ ಹತ್ತಿರ ಇರಬೇಕು, ಎಷ್ಟು ಗಂಟೆಗೆ ಆರಿಸಬೇಕು ಎಂಬುದನ್ನೂ ನಕ್ಷೆಯ ಮೂಲೆಯಲ್ಲೇ ಬರೆದಿಡುವುದು ಒಳ್ಳೆಯದು, ಇಲ್ಲದಿದ್ದರೆ ಕಾವಲುಗಾರ ಬದಲಾದ ದಿನ ಅದೂ ಬದಲಾಗುತ್ತದೆ.